‘ಪರೀಕ್ಷೆ ಆಗಿಲ್ಲ’ ಎಂಬ ನಮೂದು: ಆಗುಂಬೆ ದಾರಿಯ ಚಿಕಿತ್ಸಾಲಯಕ್ಕೆ ಔಷಧ ಎಚ್ಚರಿಕೆಯ ಪೆಟ್ಟಿಗೆ ಕಟ್ಟಿದ ದಾಖಲೆ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಅಡಿಕೆ ತೋಟಗಳ ನಡುವೆ, ಟ್ರಸ್ಟೊಂದು ನಡೆಸುವ ಸಣ್ಣ ಚಿಕಿತ್ಸಾಲಯವಿದೆ. ಅಲ್ಲಿ ಒಬ್ಬ ವೈದ್ಯರು, ಇಬ್ಬರು ಸಿಸ್ಟರ್‌ಗಳು ಮತ್ತು ಒಬ್ಬ ಫಾರ್ಮಸಿಸ್ಟ್ ಇದ್ದಾರೆ. ಪ್ರಯೋಗಾಲಯವೆಂದರೆ ಒಂದು ಸೂಕ್ಷ್ಮದರ್ಶಕ ಮತ್ತು ಸಕ್ಕರೆ, ಹಿಮೋಗ್ಲೋಬಿನ್ ನೋಡುವ ಎರಡು ಸಣ್ಣ ಉಪಕರಣಗಳು. ವಂಶವಾಹಿ ಪರೀಕ್ಷೆ ಮಾಡುವ ಅನುಕೂಲ ಅಲ್ಲಿಲ್ಲ, ಸದ್ಯಕ್ಕೆ ಬರುವ ಸೂಚನೆಯೂ ಇಲ್ಲ. ಆದರೂ ಕಳೆದ ಏಪ್ರಿಲ್‌ನಿಂದ ನಾನು ಅಲ್ಲಿಗಾಗಿ ಕಟ್ಟುತ್ತಿರುವುದು ಫಾರ್ಮಕೋಜೆನೋಮಿಕ್ಸ್‌ಗೆ, ಅಂದರೆ ವ್ಯಕ್ತಿಯ ವಂಶವಾಹಿಗೆ ತಕ್ಕಂತೆ ಔಷಧವನ್ನು ಆರಿಸುವ ಕ್ರಮಕ್ಕೆ, ನೆರವಾಗುವ ಒಂದು ಗಣಕ ವ್ಯವಸ್ಥೆ. ಪರೀಕ್ಷೆಯನ್ನು ಬೇರೆಡೆ ಮಾಡಿಸಬಹುದು. ಆದರೆ ಫಲಿತಾಂಶ ನೆನಪಾಗಬೇಕಾದುದು ಚೀಟಿ ಬರೆಯುವ ಮೇಜಿನ ಮೇಲೆ, ಬರೆಯುವ ಆ ಗಳಿಗೆಯಲ್ಲಿ.

ಈ ಕೆಲಸಕ್ಕೆ ಕಾರಣವಾದದ್ದು ಒಂದು ಪ್ಲಾಸ್ಟಿಕ್ ಕವರ್. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದಿದ್ದ ಹಿರಿಯರೊಬ್ಬರು ತಮ್ಮ ಕಾಗದಗಳನ್ನೆಲ್ಲ ಅದರಲ್ಲಿ ತುಂಬಿಕೊಂಡು ಬಂದಿದ್ದರು. ಬಿಲ್ಲು, ಇಸಿಜಿ, ಸ್ಕ್ಯಾನಿಂಗ್ ವರದಿಗಳ ನಡುವೆ ಅರ್ಧ ತೇವಗೊಂಡ ಹಾಳೆಯೊಂದರಲ್ಲಿ ಸಿವೈಪಿ2ಸಿ19 ಎಂಬ ವಂಶವಾಹಿಯ ಫಲಿತಾಂಶವಿತ್ತು: ಸ್ಟಾರ್ 2/ಸ್ಟಾರ್ 2, ಅಂದರೆ ತಂದೆ-ತಾಯಿಯರಿಂದ ಬಂದ ಎರಡೂ ಪ್ರತಿಗಳು ಕೆಲಸ ಮಾಡದ ಸ್ಟಾರ್ 2 ರೂಪದವು. ಕ್ಲೋಪಿಡೋಗ್ರೆಲ್ ಮಾತ್ರೆಯು ಯಕೃತ್ತಿನಲ್ಲಿ ಮಾರ್ಪಾಡಾದ ಮೇಲೆಯೇ ರಕ್ತ ಹೆಪ್ಪುಗಟ್ಟುವುದನ್ನು ತಡೆಯಬಲ್ಲದು. ಆ ಮಾರ್ಪಾಡಿನಲ್ಲಿ ಮುಖ್ಯ ಪಾತ್ರ ಈ ವಂಶವಾಹಿಯಿಂದ ತಯಾರಾಗುವ, ಅದೇ ಹೆಸರಿನ ಕಿಣ್ವದ್ದು. ಎರಡೂ ಪ್ರತಿಗಳು ಸ್ಟಾರ್ 2 ಆಗಿರುವವರಲ್ಲಿ ಅದು ಸರಿಯಾಗಿ ನಡೆಯುವುದಿಲ್ಲವಾದ್ದರಿಂದ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲಿಯೇ ಈ ಔಷಧದ ಮೇಲೆ ಚೌಕಟ್ಟಿನೊಳಗಿನ ಗಂಭೀರ ಎಚ್ಚರಿಕೆ ಹಾಕಿಸಿತು. ದಕ್ಷಿಣ ಏಷ್ಯಾದವರಲ್ಲಿ ಈ ವಂಶವಾಹಿಯ ಪ್ರತಿಗಳ ಪೈಕಿ ಸುಮಾರು ಮೂರರಲ್ಲಿ ಒಂದು ಸ್ಟಾರ್ 2 ರೂಪದ್ದು, ಆದ್ದರಿಂದ ಇದು ನಮಗೆ ಅಪರೂಪದ ಸಂಗತಿಯಲ್ಲ. ಹಿರಿಯರಿಗೆ ಮೊದಲು ಈ ಕಿಣ್ವವನ್ನು ನೆಚ್ಚದ ಟಿಕಾಗ್ರೆಲರ್ ಎಂಬ ಬೇರೆ ಮಾತ್ರೆ ಬರೆದುಕೊಟ್ಟಿದ್ದರು. ನಡುವೆ ಎಲ್ಲೋ, ಆ ಹಾಳೆಯನ್ನು ನೋಡದ ಯಾರೋ ಅದನ್ನು ಕ್ಲೋಪಿಡೋಗ್ರೆಲ್‌ಗೆ ಬದಲಿಸಿದ್ದರು. ಹಣ ಖರ್ಚಾಗಿ, ರಕ್ತ ಹೋಗಿ, ಉತ್ತರವೂ ಬಂದು, ಅದು ಕವರಿನ ಒಳಗೇ ಉಳಿದುಬಿಟ್ಟಿತ್ತು.

ವಂಶವಾಹಿಯ ಫಲಿತಾಂಶ ಸಕ್ಕರೆ ಅಥವಾ ಬಿಪಿಯ ಅಂಕಿಯಂತೆ ನಾಳೆ ಬದಲಾಗುವುದಲ್ಲ, ಒಮ್ಮೆ ಗೊತ್ತಾದರೆ ಆಯುಷ್ಯಪೂರ್ತಿ ಸಲ್ಲುತ್ತದೆ. ಹಾಗಾಗಿ ಅದನ್ನು ಕಾಯ್ದಿಡುವುದೇ ಇಲ್ಲಿ ಮಾಡಬಹುದಾದ ಅತಿ ದೊಡ್ಡ ಕೆಲಸವೆಂದು ವೈದ್ಯರೂ ನಾನೂ ಒಪ್ಪಿಕೊಂಡೆವು. 2009ರಲ್ಲಿ ಆರಂಭವಾದ ಸಿಪಿಐಸಿ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ಮಾರ್ಗಸೂಚಿಗಳು ಈ ಆಲೋಚನೆಗೆ ಚೆನ್ನಾಗಿ ಹೊಂದುತ್ತವೆ. ಯಾರಿಗೆ ಪರೀಕ್ಷೆ ಮಾಡಿಸಬೇಕೆಂಬ ಚರ್ಚೆಗೆ ಹೋಗದೆ, ಫಲಿತಾಂಶ ಕೈಯಲ್ಲಿದ್ದರೆ ಚೀಟಿಯಲ್ಲಿ ಏನನ್ನು ಬದಲಿಸಬೇಕು ಎಂಬುದನ್ನಷ್ಟೇ ಅವು ಹೇಳುತ್ತವೆ. ಅವರ ಕೋಷ್ಟಕಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ಅವುಗಳಿಂದ ಈ ಚಿಕಿತ್ಸಾಲಯದಲ್ಲಿ ನಿಜವಾಗಿ ಬಳಕೆಯಲ್ಲಿರುವ ಕೆಲವೇ ಔಷಧಗಳನ್ನು ಆರಿಸಿಕೊಂಡು, ಪ್ರತಿಯೊಂದರ ಸಲಹೆಯನ್ನೂ ವೈದ್ಯರ ಜೊತೆ ಕುಳಿತು ಕನ್ನಡದಲ್ಲಿ ಒಂದೆರಡು ಸಾಲಿಗೆ ಇಳಿಸಿದೆ.

ಯಂತ್ರದ ವಿಷಯ ಮೊದಲು ಹೇಳಿಬಿಡುತ್ತೇನೆ. ನಾಲ್ಕು ಜಿಬಿ ನೆನಪಿನ ರಾಸ್ಪ್‌ಬೆರಿ ಪೈ 4 ಎಂಬ ಅಂಗೈಯಗಲದ ಗಣಕ ಒಂದು, ಅದಕ್ಕೆ ಯುಎಸ್‌ಬಿ ಮೂಲಕ ಜೋಡಿಸಿದ, ದತ್ತಾಂಶ ಇಡುವ 240 ಜಿಬಿ ಎಸ್‌ಎಸ್‌ಡಿ ಒಂದು, ಒಂದು ವೈಫೈ ರೌಟರ್ ಮತ್ತು ಮೇಜಿನ ಮೇಲೆ ಎರಡು ಟ್ಯಾಬ್ಲೆಟ್‌ಗಳು. ಇಂಟರ್‌ನೆಟ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ಕೆಲಸ ನಿಲ್ಲಬಾರದು ಎಂಬುದು ಮೊದಲ ಕಟ್ಟಳೆಯಾಗಿತ್ತು. ಏಕೆಂದರೆ ಜುಲೈ ತಿಂಗಳಲ್ಲಿ ಇಲ್ಲಿ ಮರ ಬಿದ್ದು ತಂತಿ ಹರಿದರೆ ಕರೆಂಟೂ ಸಿಗ್ನಲ್ಲೂ ಒಟ್ಟಿಗೇ ಹೋಗುತ್ತವೆ. ಮೊದಲು ಎಸ್‌ಡಿ ಕಾರ್ಡಿನಲ್ಲಿಯೇ ದತ್ತಾಂಶ ಇಟ್ಟಿದ್ದೆ. ಎರಡನೆಯ ವಾರದಲ್ಲಿ ಬರವಣಿಗೆಯ ನಡುವೆ ಕರೆಂಟು ಹೋಗಿ ಕಾರ್ಡು ಕೆಟ್ಟಿತು. ಪುಣ್ಯಕ್ಕೆ ಅದರಲ್ಲಿದ್ದದ್ದು ಪರೀಕ್ಷಾರ್ಥ ಹೆಸರುಗಳು ಮಾತ್ರ. ಆಮೇಲೆ ಎಸ್‌ಎಸ್‌ಡಿಗೆ ಬದಲಿಸಿ, 12.8 ವೋಲ್ಟಿನ 12 ಆಂಪಿಯರ್-ಗಂಟೆಯ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಸೇರಿಸಿದೆ. ರೌಟರ್ ಸೇರಿ ಎಲ್ಲವೂ 11 ವ್ಯಾಟ್‌ನ ಆಸುಪಾಸು ಎಳೆಯುವುದರಿಂದ ಸುಮಾರು ಹನ್ನೆರಡು ಗಂಟೆ ನಡೆಯುತ್ತದೆ. ವೋಲ್ಟೇಜ್ ಇಳಿಸುವ ಪರಿವರ್ತಕವನ್ನು 5.1 ವೋಲ್ಟಿಗೆ ಹೊಂದಿಸಿ, ತಂತಿಯನ್ನು ಗಿಡ್ಡವಾಗಿಯೂ ದಪ್ಪವಾಗಿಯೂ ಇಟ್ಟುಕೊಳ್ಳಬೇಕು. ಸಪೂರ ತಂತಿಯಲ್ಲಿ ವೋಲ್ಟೇಜ್ ಕುಸಿದು, ಎಸ್‌ಎಸ್‌ಡಿ ಕೆಲಸಕ್ಕಿಳಿದಾಗಲೆಲ್ಲ ಪೈ ತಡವರಿಸುತ್ತಿತ್ತು. ಅದನ್ನು ತಂತ್ರಾಂಶದ ದೋಷವೆಂದು ಭಾವಿಸಿ ನಾನು ಎರಡು ಸಂಜೆ ಕಳೆದೆ.

ಗಡಿಯಾರದ ತೊಂದರೆ ಇದಕ್ಕಿಂತ ಸೂಕ್ಷ್ಮವಾದದ್ದು. ಪೈ 4ರಲ್ಲಿ ಬ್ಯಾಟರಿ ಇರುವ ಗಡಿಯಾರವೇ ಇಲ್ಲ, ಅದು ಸಮಯವನ್ನು ಇಂಟರ್‌ನೆಟ್‌ನಿಂದ ಕೇಳಿ ತಿಳಿಯುತ್ತದೆ. ಸಂಪರ್ಕವಿಲ್ಲದ ದಿನ ಆರಿ ಹೊತ್ತಿಕೊಂಡರೆ, ಕೊನೆಗೆ ಉಳಿಸಿಟ್ಟಿದ್ದ ಹಳೆಯ ಸಮಯದಿಂದಲೇ ಎಣಿಕೆ ಮುಂದುವರಿಸುತ್ತದೆ. ಇಂದು ಬಂದ ದದ್ದು ನಿನ್ನೆ ಕೊಟ್ಟ ಮಾತ್ರೆಗಿಂತ ಮೊದಲೇ ಬಂದಿತ್ತು ಎಂದು ದಾಖಲೆ ಹೇಳಿದರೆ, ಆ ದಾಖಲೆ ಇಲ್ಲದಿರುವುದೇ ವಾಸಿ. ಡಿಎಸ್3231 ಎಂಬ ಪುಟ್ಟ ಗಡಿಯಾರ ಬಿಲ್ಲೆಯನ್ನು 3.3 ವೋಲ್ಟಿನ ಪಿನ್ನಿಗೆ ಜೋಡಿಸಿದ ಮೇಲೆ ಈ ತೊಂದರೆ ತೀರಿತು.

ತೇವಕ್ಕೆ ಮಾತ್ರ ಪೂರ್ಣ ಪರಿಹಾರವಿಲ್ಲ. ರಬ್ಬರ್ ಅಂಚಿನ ಉಕ್ಕಿನ ಪೆಟ್ಟಿಗೆಯಲ್ಲಿ ಎಲ್ಲವನ್ನೂ ಇಟ್ಟು, ಪೈಯ ಅಲ್ಯೂಮಿನಿಯಂ ಕವಚವನ್ನು ಪೆಟ್ಟಿಗೆಯ ಗೋಡೆಗೇ ಒತ್ತಿ ಕೂರಿಸಿದ್ದೇನೆ. ಶಾಖ ಹೊರಗೆ ಹೋಗಲು ಅದೇ ದಾರಿ. ಒಳಗೆ ಸಿಲಿಕಾ ಜೆಲ್ ಚೀಲಗಳಿವೆ. ನೀಲಿ ಹರಳುಗಳು ನಸುಗೆಂಪಾದಾಗ ಸಿಸ್ಟರ್ ಅವನ್ನು ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಿಸಿ ಮಾಡಿ ತಂದಿಡುತ್ತಾರೆ. ತಂತಿ ಹೋಗುವ ತೂತುಗಳನ್ನು ಮುಚ್ಚದಿದ್ದರೆ ಬೆಚ್ಚಗಿನ ಜಾಗ ಹುಡುಕಿಕೊಂಡು ಇರುವೆಗಳು ಬಂದು ಮೊಟ್ಟೆ ಇಡುತ್ತವೆ. ಏಪ್ರಿಲ್-ಮೇ ತಿಂಗಳ ಸಿಡಿಲಿಗೆ ಹೆದರಿ ಕೋಣೆಯಿಂದ ಕೋಣೆಗೆ ಉದ್ದ ತಂತಿ ಎಳೆಯದೆ ವೈಫೈ ಒಂದನ್ನೇ ನೆಚ್ಚಿಕೊಂಡಿದ್ದೇನೆ.

ತಂತ್ರಾಂಶದಲ್ಲಿ ಹೆಚ್ಚು ದಿನ ಹಿಡಿದದ್ದು ವಂಶವಾಹಿಯ ಭಾಗವಲ್ಲ, ಔಷಧಗಳ ಹೆಸರು. ಮಾರ್ಗಸೂಚಿಗಳು ಮೂಲ ಔಷಧದ ಹೆಸರನ್ನು ಹೇಳುತ್ತವೆ, ಚೀಟಿಯ ಮೇಲೆ ಬರುವುದು ಕಂಪನಿಯ ಹೆಸರು. ಇಕೋಸ್ಪ್ರಿನ್ ಎವಿ ಎಂದರೆ ಆಸ್ಪಿರಿನ್ ಮತ್ತು ಅಟೋರ್ವಾಸ್ಟಾಟಿನ್. ಇಕೋಸ್ಪ್ರಿನ್ ಗೋಲ್ಡ್ ಎಂದರೆ ಆ ಎರಡರ ಜೊತೆಗೆ ಕ್ಲೋಪಿಡೋಗ್ರೆಲ್. ಒಂದು ಪದದ ವ್ಯತ್ಯಾಸದಲ್ಲಿ ನಾವು ಕಾಯಬೇಕಾದ ಔಷಧ ಒಳಗೆ ಬಂದುಬಿಡುತ್ತದೆ. ಫಾರ್ಮಸಿಸ್ಟ್ ಮತ್ತು ನಾನು ಕಪಾಟಿನ ಒಂದೊಂದೇ ಮಾತ್ರೆಯ ಪಟ್ಟಿಯನ್ನು ಕೈಗೆತ್ತಿಕೊಂಡು, ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ, ಹೆಸರಿನಿಂದ ಒಳಗಿನ ಔಷಧಕ್ಕೆ ಕೋಷ್ಟಕ ಮಾಡಿದೆವು. ಕೋಷ್ಟಕದಲ್ಲಿಲ್ಲದ ಹೆಸರು ಬಂದರೆ ವ್ಯವಸ್ಥೆ ಊಹಿಸುವುದಿಲ್ಲ, ‘ಈ ಹೆಸರು ಗೊತ್ತಿಲ್ಲ, ಪಟ್ಟಿಯ ಹಿಂಬದಿ ನೋಡಿ ಸೇರಿಸಿ’ ಎಂದು ಕೇಳುತ್ತದೆ. ಇದೇ ಕೋಷ್ಟಕದಿಂದ ಇನ್ನೊಂದು ಉಪಯೋಗವೂ ಆಯಿತು. ಗ್ಯಾಸಿನ ಮಾತ್ರೆಯೆಂದು ಎಲ್ಲರೂ ನುಂಗುವ ಒಮೆಪ್ರಜೋಲ್ ಅದೇ ಸಿವೈಪಿ2ಸಿ19 ಕಿಣ್ವವನ್ನು ತಡೆಯುವುದರಿಂದ, ವಂಶವಾಹಿ ಸರಿಯಿದ್ದವರಲ್ಲೂ ಕ್ಲೋಪಿಡೋಗ್ರೆಲ್‌ನ ಬಲವನ್ನು ಕುಗ್ಗಿಸಬಲ್ಲದು. ಎರಡೂ ಒಂದೇ ಚೀಟಿಯಲ್ಲಿ ಬಂದರೆ ಪ್ಯಾಂಟೋಪ್ರಜೋಲ್ ಯೋಚಿಸಿ ಎಂಬ ಒಂದು ಸಾಲು ಕಾಣುತ್ತದೆ. ಇದಕ್ಕೆ ಯಾವ ಪರೀಕ್ಷೆಯ ಖರ್ಚೂ ಇಲ್ಲ.

ಇನ್ನು ನನ್ನಿಂದಾದ ದೊಡ್ಡ ತಪ್ಪಿನ ವಿಷಯ. ಬೇಸಿಗೆಯಲ್ಲಿ ಜ್ವರವೆಂದರೆ ಮೊದಲು ಮಂಗನ ಕಾಯಿಲೆಯನ್ನು ನೆನೆಯುವ ಈ ಭಾಗದಲ್ಲಿ, ಮಳೆಗಾಲದ ಜ್ವರದ ಜೊತೆ ಊರುಬಿಟ್ಟು ದುಡಿದ ಹಿನ್ನೆಲೆಯಿದ್ದರೆ ವೈದ್ಯರು ತಪ್ಪದೆ ರಕ್ತದ ಸ್ಲೈಡ್ ತೆಗೆಸುತ್ತಾರೆ. ಜೂನ್ ಕೊನೆಯಲ್ಲಿ ಮಂಗಳೂರಿನ ಕಟ್ಟಡ ಕೆಲಸದಿಂದ ಮರಳಿದ ಯುವಕನೊಬ್ಬನ ಸ್ಲೈಡಿನಲ್ಲಿ ವೈವ್ಯಾಕ್ಸ್ ಮಲೇರಿಯಾ ಕಂಡಿತು. ಅದರ ಜ್ವರವನ್ನು ಕ್ಲೋರೋಕ್ವಿನ್ ಇಳಿಸುತ್ತದೆ. ಆದರೆ ಯಕೃತ್ತಿನಲ್ಲಿ ಅಡಗಿದ ರೋಗಾಣುಗಳನ್ನು ತೆಗೆಯಲು 14 ದಿನ ಪ್ರೈಮಾಕ್ವಿನ್ ಬೇಕು. ಜಿ6ಪಿಡಿ ಎಂಬ ಕಿಣ್ವದ ಕೊರತೆ ಇರುವವರಲ್ಲಿ ಆ ಪ್ರೈಮಾಕ್ವಿನ್ ಕೆಂಪು ರಕ್ತಕಣಗಳನ್ನು ಒಡೆದುಹಾಕಬಹುದು. ವೈದ್ಯರು ಟ್ಯಾಬ್ಲೆಟ್ಟಿನಲ್ಲಿ ಪ್ರೈಮಾಕ್ವಿನ್ ಆರಿಸಿದಾಗ ನನ್ನ ವ್ಯವಸ್ಥೆ ಹಸಿರು ಗುರುತು ತೋರಿಸಿತು. ಅವರು ಬರೆಯುವುದನ್ನು ನಿಲ್ಲಿಸಿ ಸಿಸ್ಟರ್ ಕಡೆ ತಿರುಗಿ ಕೇಳಿದರು: “ಇವನಿಗೆ ಜಿ6ಪಿಡಿ ಯಾವಾಗ ಮಾಡಿಸಿದ್ದು ಸಿಸ್ಟರ್?”

ಮಾಡಿಸಿರಲೇ ಇಲ್ಲ. ಆ ಅಂಕಣಕ್ಕೆ ನಾನು ‘ಕೊರತೆ ಇದೆ’, ‘ಕೊರತೆ ಇಲ್ಲ’ ಎಂಬ ಎರಡೇ ಆಯ್ಕೆಗಳನ್ನು ಕೊಟ್ಟು, ಯಾರೂ ಏನನ್ನೂ ಮುಟ್ಟದಿದ್ದರೆ ‘ಇಲ್ಲ’ ಎಂದು ಉಳಿಯುವಂತೆ ಬರೆದಿದ್ದೆ. ಹೊಸದಾಗಿ ನೋಂದಣಿಯಾದ ಪ್ರತಿಯೊಬ್ಬರೂ ಆ ಕ್ಷಣದಿಂದಲೇ ಕೊರತೆ ಇಲ್ಲದವರಾಗಿಬಿಟ್ಟಿದ್ದರು. ವೈದ್ಯರು ಯಂತ್ರವನ್ನು ನಂಬದೆ ಮನುಷ್ಯರನ್ನು ಕೇಳಿದ್ದರಿಂದ ಅನಾಹುತ ತಪ್ಪಿತು. ಅವರಿಗೆ ನಾನು ಋಣಿ. ಕ್ಲೋರೋಕ್ವಿನ್ ಅಂದೇ ಆರಂಭವಾಯಿತು, ಪ್ರೈಮಾಕ್ವಿನ್ ಫಲಿತಾಂಶಕ್ಕಾಗಿ ಕಾಯಬಹುದಾಗಿತ್ತು, ಯುವಕನ ರಕ್ತದ ಟ್ಯೂಬು ಐಸ್ ಡಬ್ಬಿಯಲ್ಲಿ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಯಿತು. ಆ ರಾತ್ರಿ ನಾನು ವ್ಯವಸ್ಥೆಯನ್ನು ಬಳಕೆಯಿಂದ ಹಿಂದಕ್ಕೆ ತೆಗೆದುಕೊಂಡೆ.

ದುರಸ್ತಿಯಲ್ಲಿ ಮೊದಲು ಮಾಡಿದ್ದು ಹಸಿರು ಬಣ್ಣವನ್ನು ಸಂಪೂರ್ಣವಾಗಿ ತೆಗೆದುಹಾಕಿದ್ದು. ‘ಕೊಡಬಹುದು’ ಎಂದು ಹೇಳುವ ಅಧಿಕಾರ ಈ ಪೆಟ್ಟಿಗೆಗಿಲ್ಲ. ತನಗೆ ಗೊತ್ತಿರುವುದನ್ನು ಮತ್ತು ಗೊತ್ತಿಲ್ಲದ್ದನ್ನು ಅದು ಹೇಳಿದರೆ ಸಾಕು. ಪ್ರತಿ ವಂಶವಾಹಿಯ ಅಂಕಣಕ್ಕೂ ಈಗ ಐದು ಸ್ಥಿತಿಗಳಿವೆ: ಪರೀಕ್ಷೆ ಆಗಿಲ್ಲ, ಮಾದರಿ ಕಳಿಸಿದೆ, ಫಲಿತಾಂಶ ಬಂದಿದೆ, ಫಲಿತಾಂಶ ಅಸ್ಪಷ್ಟ, ರೋಗಿ ಬೇಡವೆಂದಿದ್ದಾರೆ. ಯಾರೂ ಏನೂ ಮಾಡದಿದ್ದರೆ ಉಳಿಯುವುದು ‘ಪರೀಕ್ಷೆ ಆಗಿಲ್ಲ’ ಎಂಬುದೇ. ‘ಫಲಿತಾಂಶ ಬಂದಿದೆ’ ಎಂದು ಗುರುತು ಮಾಡಬೇಕಾದರೆ ವರದಿಯ ದಿನಾಂಕ, ಪರೀಕ್ಷಾ ವಿಧಾನ ಮತ್ತು ಕಾಗದದ ಚಿತ್ರ ಮೂರನ್ನೂ ಸೇರಿಸಲೇಬೇಕು. ವಿಧಾನವನ್ನು ಕೇಳುವುದಕ್ಕೆ ಕಾರಣವಿದೆ. ಜಿ6ಪಿಡಿಗೆ ಸಾಮಾನ್ಯವಾಗಿ ಮಾಡುವ ಪ್ರತಿದೀಪ್ತಿ ಚುಕ್ಕೆ ಪರೀಕ್ಷೆ ಕಿಣ್ವವನ್ನು ನೋಡುತ್ತದೆಯೇ ಹೊರತು ವಂಶವಾಹಿಯನ್ನಲ್ಲ. ರಕ್ತಕಣಗಳು ಈಗಷ್ಟೇ ಒಡೆದು ಹೊಸ ಕಣಗಳು ತುಂಬಿಕೊಂಡಿರುವಾಗ ಮಾಡಿದರೆ ಕೊರತೆ ಇದ್ದರೂ ಸರಿಯಾಗಿದೆ ಎಂದು ತೋರಬಹುದು. ಒಂದು ಪ್ರತಿಯಲ್ಲಿ ಮಾತ್ರ ದೋಷವಿರುವ ಹೆಂಗಸರಲ್ಲಿಯೂ ಅದು ಎಷ್ಟೋ ಬಾರಿ ತಪ್ಪಿಸಿಕೊಳ್ಳುತ್ತದೆ.

ಈ ಒಂದು ತಪ್ಪನ್ನು ತಿದ್ದುವಾಗ, ಅದೇ ಜಾತಿಯ ತಪ್ಪು ಇನ್ನೂ ಆಳದಲ್ಲಿ ಕುಳಿತಿರುವುದು ಕಣ್ಣಿಗೆ ಬಿತ್ತು. ವರದಿಯಲ್ಲಿ ‘ಸ್ಟಾರ್ 1/ಸ್ಟಾರ್ 1’ ಎಂದಿದ್ದರೆ ಸಹಜವೆಂದು ಅರ್ಥ. ಆದರೆ ಸ್ಟಾರ್ 1 ಎಂಬುದನ್ನು ಯಾರೂ ನೇರವಾಗಿ ಹುಡುಕಿ ಕಂಡಿರುವುದಿಲ್ಲ; ಹುಡುಕಿದ ರೂಪಾಂತರಗಳು ಸಿಗದಿದ್ದಾಗ ಉಳಿಯುವ ಹೆಸರು ಅದು. ಪ್ರಯೋಗಾಲಯವು ಸ್ಟಾರ್ 2 ಮತ್ತು ಸ್ಟಾರ್ 3ನ್ನು ಮಾತ್ರ ನೋಡಿದ್ದರೆ, ‘ಸ್ಟಾರ್ 1’ ಎಂಬ ಮಾತಿಗೆ ‘ಆ ಎರಡು ಇಲ್ಲ’ ಎನ್ನುವುದಕ್ಕಿಂತ ಹೆಚ್ಚಿನ ಬೆಲೆಯಿಲ್ಲ. ಆದ್ದರಿಂದ ಫಲಿತಾಂಶದ ಪಕ್ಕದಲ್ಲಿ ‘ಏನೇನನ್ನು ಹುಡುಕಿದರು’ ಎಂಬ ಅಂಕಣವನ್ನು ಕಡ್ಡಾಯ ಮಾಡಿದೆ.

ಅಜಾಥಯೋಪ್ರಿನ್ ವಿಷಯದಲ್ಲಿ ಈ ಅಂಕಣ ತನ್ನ ಬೆಲೆಯನ್ನು ತೋರಿಸಿಕೊಟ್ಟಿತು. ಚರ್ಮ, ಕೀಲು, ಕರುಳಿನ ಕೆಲವು ಕಾಯಿಲೆಗಳಿಗೆ ಕೊಡುವ ಈ ಔಷಧ ಕೆಲವರಲ್ಲಿ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. ಪಶ್ಚಿಮದ ದೇಶಗಳಲ್ಲಿ ಬಹುಕಾಲ ಟಿಪಿಎಂಟಿ ಎಂಬ ಒಂದು ವಂಶವಾಹಿಯನ್ನೇ ನೋಡುತ್ತಿದ್ದರು, ಏಕೆಂದರೆ ಯುರೋಪಿನ ಮೂಲದವರಲ್ಲಿ ಅದರ ದೋಷವೇ ಹೆಚ್ಚು. 2014ರಲ್ಲಿ ಕೊರಿಯಾದ ರೋಗಿಗಳಲ್ಲಿ ಎನ್‌ಯುಡಿಟಿ15 ಎಂಬ ಇನ್ನೊಂದು ವಂಶವಾಹಿಯ ಪಾತ್ರ ಸ್ಪಷ್ಟವಾಯಿತು, ಪೂರ್ವ ಮತ್ತು ದಕ್ಷಿಣ ಏಷ್ಯಾದವರಲ್ಲಿ ಹೆಚ್ಚು ಕಾಣುವುದು ಈ ಎರಡನೆಯದು. ಹೊರಗಿನಿಂದ ಬಂದ ಒಂದು ವರದಿಯಲ್ಲಿ ‘ಟಿಪಿಎಂಟಿ ಸಹಜ’ ಎಂದಿತ್ತು, ಎನ್‌ಯುಡಿಟಿ15ರ ಸೊಲ್ಲೇ ಇರಲಿಲ್ಲ. ಮೊದಲಿನ ವ್ಯವಸ್ಥೆಯಾಗಿದ್ದರೆ ಅದನ್ನು ನಿಶ್ಚಿಂತೆಯ ವರದಿಯೆಂದು ಬರೆದಿಟ್ಟುಕೊಳ್ಳುತ್ತಿತ್ತು. ಈಗಿನದು ‘ಟಿಪಿಎಂಟಿ ನೋಡಿದೆ, ಎನ್‌ಯುಡಿಟಿ15 ಪರೀಕ್ಷೆ ಆಗಿಲ್ಲ’ ಎಂದು ಎರಡು ಸಾಲು ತೋರಿಸಿತು. ವೈದ್ಯರು ರಕ್ತಕಣಗಳ ಎಣಿಕೆಯನ್ನು ಪದೇ ಪದೇ ಮಾಡಿಸಲು ದಿನ ಗೊತ್ತುಮಾಡಿದರು.

ಪರೀಕ್ಷೆ ಮಾಡಿಸಲಾಗದ ಕಡೆ ಏನು ಮಾಡುವುದು ಎಂಬ ಪ್ರಶ್ನೆ ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಲ್ಲಿ ಎದುರಾಯಿತು. ಎಚ್‌ಎಲ್‌ಎ-ಬಿ*15:02 ಎಂಬ ವಂಶವಾಹಿ ರೂಪ ಇರುವವರಲ್ಲಿ ಇದು ಚರ್ಮವೇ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಎಂಬ ಮಾರಕ ಸ್ಥಿತಿಯನ್ನು ತರಬಹುದೆಂದು 2004ರಲ್ಲಿ ತೈವಾನಿನ ಸಂಶೋಧಕರು ತೋರಿಸಿದರು, 2007ರಲ್ಲಿ ಎಫ್‌ಡಿಎ ಏಷ್ಯಾ ಮೂಲದವರಿಗೆ ಮೊದಲು ಪರೀಕ್ಷೆ ಮಾಡಲು ಹೇಳಿತು. ಇಲ್ಲಿ ಎಲ್ಲರಿಗೂ ಆ ಖರ್ಚು ಹೊರಿಸಲಾಗದು. ಆದರೆ ಈ ಸ್ಥಿತಿ ಬರುವುದು ಹೆಚ್ಚಾಗಿ ಮೊದಲ ಎರಡು-ಮೂರು ತಿಂಗಳಲ್ಲಿ, ಜ್ವರ, ಬಾಯಿಹುಣ್ಣು, ಕಣ್ಣು ಕೆಂಪಾಗುವುದು, ಮೈಮೇಲೆ ದದ್ದು ಇವುಗಳಿಂದ ಆರಂಭವಾಗುತ್ತದೆ. ಇದನ್ನು ಚೀಟಿಯಲ್ಲಿ ಬರೆದುಕೊಡೋಣವೆಂದಾಗ ಹಿರಿಯ ಸಿಸ್ಟರ್ ಹೇಳಿದ ಮಾತು ನನಗೆ ಯಾವ ಮಾರ್ಗಸೂಚಿಯಲ್ಲೂ ಸಿಕ್ಕಿರಲಿಲ್ಲ: “ಮೈಮೇಲೆ ಎದ್ದರೆ ಅಮ್ಮ ಬಂದಿದೆ ಅಂತ ಬೇವಿನಸೊಪ್ಪು ಹಾಸಿ ಮಲಗಿಸ್ತಾರೆ ಸರ್, ಆಸ್ಪತ್ರೆಗೆ ಕರ್ಕೊಂಡು ಬರೋದೇ ಇಲ್ಲ. ಅದನ್ನೇ ಬರೀರಿ.” ಹಾಗೆಯೇ ಬರೆದೆವು: ‘ಈ ಮಾತ್ರೆ ಆರಂಭಿಸಿದ ಮೇಲೆ ಅಮ್ಮ ಬಂದಂತೆ ಕಂಡರೆ ಅದು ಅಮ್ಮ ಆಗಿರಲಾರದು, ಅಂದೇ ಬನ್ನಿ, ಮಾತ್ರೆಯ ಪಟ್ಟಿಯನ್ನೂ ತನ್ನಿ.’ ಚೀಟಿ ಕೊಟ್ಟವರ ಹೆಸರು ಹದಿನೈದು ದಿನಕ್ಕೊಮ್ಮೆ ಸಿಸ್ಟರ್‌ಗಳ ಪಟ್ಟಿಗೆ ಬರುತ್ತದೆ, ಅವರು ಫೋನ್ ಮಾಡಿ ವಿಚಾರಿಸುತ್ತಾರೆ. ಹಿಂದೆ ಯಾವುದೇ ಔಷಧಕ್ಕೆ ಇಂಥ ಪ್ರತಿಕ್ರಿಯೆ ಆಗಿದ್ದರೆ ಅದನ್ನೂ ಪರೀಕ್ಷಾ ಫಲಿತಾಂಶದಷ್ಟೇ ಗಟ್ಟಿಯಾಗಿ ದಾಖಲಿಸುತ್ತೇವೆ. ದೇಹ ತಾನೇ ಕೊಟ್ಟ ಉತ್ತರ ಅದು. ಹೊಸದಾಗಿ ಆದರೆ ರಾಷ್ಟ್ರೀಯ ಔಷಧ ಜಾಗರೂಕತಾ ಕಾರ್ಯಕ್ರಮಕ್ಕೆ 1800-180-3024 ಎಂಬ ಉಚಿತ ಸಂಖ್ಯೆಯ ಮೂಲಕ ತಿಳಿಸಬಹುದೆಂಬ ಸಾಲನ್ನು ಪರದೆಯಲ್ಲೇ ಇಟ್ಟಿದ್ದೇನೆ.

ಆ ಚೀಟಿಯನ್ನು ಮುದ್ರಿಸುವುದೂ ಒಂದು ಕೆಲಸವೇ ಆಯಿತು. ಅಂಗಡಿಯ ಬಿಲ್ಲು ಕೊಡುವಂಥ 58 ಮಿಲಿಮೀಟರ್ ಥರ್ಮಲ್ ಪ್ರಿಂಟರಿಗೆ ಕನ್ನಡ ಗೊತ್ತಿಲ್ಲ. ಪಠ್ಯವನ್ನು ನೇರವಾಗಿ ಕಳಿಸಿದರೆ ಅಕ್ಷರಗಳ ಬದಲು ಬೇರೇನೋ ಬರುತ್ತದೆ. ಒತ್ತಕ್ಷರಗಳನ್ನು ಸರಿಯಾಗಿ ಕೂರಿಸುವ ಕೆಲಸವನ್ನು ಪೈಯಲ್ಲಿಯೇ ಮಾಡಿ, ಇಡೀ ಚೀಟಿಯನ್ನು 384 ಚುಕ್ಕೆ ಅಗಲದ ಚಿತ್ರವಾಗಿಸಿ ಕಳಿಸಿದ ಮೇಲೆ ಅಚ್ಚುಕಟ್ಟಾಗಿ ಬಂತು. ಥರ್ಮಲ್ ಕಾಗದದ ಅಕ್ಷರ ಕಾಲಕ್ರಮದಲ್ಲಿ ಮಾಸುವುದರಿಂದ ಆಯುಷ್ಯಪೂರ್ತಿ ಸಲ್ಲುವ ಫಲಿತಾಂಶವನ್ನು ಅದರ ಮೇಲೆ ಕೊಡುವುದಿಲ್ಲ. ಅದಕ್ಕೆ ಬೇರೆ ಪ್ರಿಂಟರಿನಲ್ಲಿ ತೆಗೆದು ಲ್ಯಾಮಿನೇಟ್ ಮಾಡಿದ ಸಣ್ಣ ಕಾರ್ಡಿದೆ. ಕಾಯಿಲೆಯ ಹೆಸರಿಲ್ಲದೆ, ಯಾವ ಔಷಧ ಕೊಡುವ ಮುನ್ನ ಯೋಚಿಸಬೇಕು ಎಂಬುದು ಮಾತ್ರ ಅದರ ಮೇಲಿರುತ್ತದೆ.

ಒಬ್ಬರ ವಂಶವಾಹಿಯ ಮಾಹಿತಿ ಅವರೊಬ್ಬರದೇ ಆಗಿರುವುದಿಲ್ಲ, ಒಡಹುಟ್ಟಿದವರ ಮತ್ತು ಮಕ್ಕಳ ವಿಷಯವೂ ಅದರಲ್ಲಿ ಇರುತ್ತದೆ. ಎಲ್ಲರಿಗೂ ಎಲ್ಲರೂ ಗೊತ್ತಿರುವ ಊರಿನಲ್ಲಿ, ಮದುವೆಯ ಮಾತುಕತೆಯ ನಡುವೆ ಇಂಥದ್ದು ಬಾಯಿಂದ ಬಾಯಿಗೆ ಹೋಗುವುದು ಕಷ್ಟವೇನಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಕೇಳುತ್ತದೆ. ಅದಿಲ್ಲದಿದ್ದರೂ ನಾವು ಕೇಳಬೇಕಾಗಿತ್ತು. ದತ್ತಾಂಶವನ್ನು ಗೂಢಲಿಪಿಯಲ್ಲಿಯೇ ಇಡುತ್ತೇವೆ, ಪೆನ್‌ಡ್ರೈವ್‌ಗೆ ಹೋಗುವ ಪ್ರತಿಯೂ ಹಾಗೆಯೇ. ಒಂದು ಕುಟುಂಬದ ಸದಸ್ಯರ ದಾಖಲೆಗಳನ್ನು ಜೋಡಿಸುವ ಅನುಕೂಲವನ್ನು ಬೇಕೆಂದೇ ಬಿಟ್ಟಿದ್ದೇನೆ.

ಯುವಕನ ಫಲಿತಾಂಶ ನಾಲ್ಕನೆಯ ದಿನ ಬಂತು: ಜಿ6ಪಿಡಿ ಕೊರತೆ ಇದೆ. ವೈದ್ಯರು ಶಿವಮೊಗ್ಗದ ತಜ್ಞರೊಬ್ಬರೊಂದಿಗೆ ಮಾತನಾಡಿ, ವಿಶ್ವ ಆರೋಗ್ಯ ಸಂಸ್ಥೆ ಹೇಳುವಂತೆ ದಿನಕ್ಕೊಂದರ ಬದಲು ವಾರಕ್ಕೊಮ್ಮೆ, ತೂಕದ ಕಿಲೋಗೆ 0.75 ಮಿಲಿಗ್ರಾಂನಂತೆ ಎಂಟು ವಾರ, ಪ್ರತಿ ಬಾರಿಯೂ ಹಿಮೋಗ್ಲೋಬಿನ್ ನೋಡಿ ಕಣ್ಣೆದುರೇ ಕೊಡುವುದೆಂದು ನಿರ್ಧರಿಸಿದರು. ಕಾರ್ಡು ಪಡೆಯಲು ಅವನ ಜೊತೆ ತಾಯಿಯೂ ಬಂದಿದ್ದರು. ಈ ಕೊರತೆ ಗಂಡುಮಕ್ಕಳಿಗೆ ತಾಯಿಯ ಕಡೆಯಿಂದ ಬರುತ್ತದೆಂದು ವೈದ್ಯರು ಮಗನ ಒಪ್ಪಿಗೆ ಕೇಳಿ ವಿವರಿಸಿದಾಗ, ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಕಿರಿಯವನೂ ಮಂಗಳೂರಿನಲ್ಲೇ ಇದ್ದಾನಲ್ಲ ಡಾಕ್ಟ್ರೇ, ಅವನಿಗೆ?” ಎಂದು ಕೇಳಿದರು. ವ್ಯವಸ್ಥೆಯಲ್ಲಿ ಅದಕ್ಕೆ ಉತ್ತರವಿರಲಿಲ್ಲ, ಇರಬಾರದೆಂದೇ ನಾನು ಕಟ್ಟಿದ್ದೆ. ಆ ವಾರ ಒಂದು ಸಣ್ಣ ಚೀಟಿಯನ್ನು ಸೇರಿಸಿದೆ: ಹೆಸರಿಲ್ಲದ, ‘ಊರಿಗೆ ಬಂದಾಗ ಒಮ್ಮೆ ಬಂದು ರಕ್ತ ಪರೀಕ್ಷೆ ಮಾಡಿಸಿಕೊಂಡು ಹೋಗಿ’ ಎಂದಷ್ಟೇ ಇರುವ ಚೀಟಿ. ಮನೆಯವರ ಕೈಯಲ್ಲಿ ಅದನ್ನು ಕಳಿಸುವುದು, ಬರುವುದೂ ಬಿಡುವುದೂ ಅವರವರ ಇಷ್ಟ. ಗೌರಿ-ಗಣೇಶ ಹಬ್ಬಕ್ಕೆ ಊರಿಗೆ ಬಂದ ತಮ್ಮ ಆ ಚೀಟಿ ಹಿಡಿದುಕೊಂಡು ಬಂದ. ಸಿಸ್ಟರ್ ಅವನ ಹೆಸರು ನೋಂದಾಯಿಸಿದಾಗ ಜಿ6ಪಿಡಿ ಅಂಕಣದಲ್ಲಿ ‘ಪರೀಕ್ಷೆ ಆಗಿಲ್ಲ’ ಎಂದಿತ್ತು. ರಕ್ತ ತೆಗೆದು, ಟ್ಯೂಬಿಗೆ ಚೀಟಿ ಅಂಟಿಸಿ, ಅದನ್ನು ‘ಮಾದರಿ ಕಳಿಸಿದೆ’ ಎಂದು ಬದಲಿಸಿದರು.